ಮಡಚಿ ನೆಟ್ಟ ಬೇರು

"ನಿಮ್ಮಪ್ಪನ ಮೂಳೆ ಆದ್ರೂ ಸೈ, ನಿಮ್ಮಜ್ಜನ ಬುರುಡೆ ಆದ್ರೂ ಸೈ. ಅಗಿಯೋ ಬೋಳಿಮಗನೆ."

ಮೇಸ್ತ್ರಿ ಅಂಟೋನ್ ಹೀಗೆ ಬೈದದ್ದು ನನ್ನ ಅಪ್ಪನಿಗೆ. ಅಪ್ಪನ ಹೆಸರು ಬೂಝಿಯಾನ್, ವಯಸ್ಸು ಎಪ್ಪತ್ತು ದಾಟಿತ್ತು. ಅವನ ಗುದ್ದಲಿ ಆಗಷ್ಟೇ ಒಂದು ಚಪ್ಪಡಿ ಕಲ್ಲಿಗೆ ತಾಗಿ ನಿಂತಿತ್ತು. ಬೈಯುವ ಭರದಲ್ಲಿ ಮೇಸ್ತ್ರಿ ತನಗೆ ಗೊತ್ತಿಲ್ಲದೆಯೇ ನಿಜ ನುಡಿದಿದ್ದ. ಆ ಚಪ್ಪಡಿಯ ಕೆಳಗೆ ಮಲಗಿದ್ದವನು ಅಪ್ಪನ ಅಪ್ಪನೇ.

"ಇದು ಗೋರಿ ಕಣಪ್ಪಾ," ಅಂದ ಅಪ್ಪ. "ಇಲ್ಲಿಂದ ಆ ಬಂಡೆಗಂಟ ನಮ್ಮೋರೇ ಮಲಗವ್ರೆ. ಒಂದು ನಲವತ್ತು ಹೆಜ್ಜೆ ಬುಟ್ಟುಬುಡು. ಅದರಾಚೆ ಎಷ್ಟು ಕುಳಿ ಬೇಕೋ ಅಷ್ಟು ತೋಡ್ಕೊಡ್ತೀನಿ, ಕೂಲಿನೂ ಬ್ಯಾಡ."

ಅಂಟೋನ್ ಜೇಬಿನಿಂದ ನಕ್ಷೆ ತೆಗೆದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೂ ನಕ್ಷೆಯನ್ನು ಬಿಡಿಸಿ ಅಪ್ಪನ ಮೂಗಿಗೆ ಒತ್ತಿದ. "ತೋರ್ಸು. ಎಲ್ಲೈತೆ ಗೋರಿ? ತೋರ್ಸೋ."

ಅಪ್ಪ ನಕ್ಷೆ ನೋಡಲಿಲ್ಲ, ನೆಲ ನೋಡಿದ. ಅಂಟೋನ್ ಬೂಟುಗಾಲಿನಿಂದ ಸೊಂಟಕ್ಕೆ ಒದ್ದ. ಅಪ್ಪ ಚಪ್ಪಡಿಯ ಮೇಲೆ ಮಂಡಿಯೂರಿ ಬಿದ್ದ. ಎದ್ದು ಗುದ್ದಲಿ ಎತ್ತಿಕೊಂಡ. ತನ್ನ ಅಪ್ಪನ ತಲೆಯ ಪಕ್ಕದಲ್ಲಿ ಎರಡು ಗೇಣಿನ ಕುಳಿ ತೋಡಿದ. ಅಂಟೋನ್ ಕೋಲು ಇಳಿಸಿ ಆಳ ಅಳೆದು ಮುಂದೆ ಹೋದ.

ನಾನು ಹತ್ತು ಮಾರು ದೂರದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಗಿಡಗಳನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದೆ. ಗಂಡಸರು ಕುಳಿ ತೋಡುವುದು, ಹೆಂಗಸರು ಗಿಡ ಇಟ್ಟು ಮಣ್ಣು ತುಳಿಯುವುದು, ಇದು ನಮ್ಮ ಕೆಲಸದ ಪದ್ಧತಿ. ಅಪ್ಪ ತೋಡುತ್ತಿದ್ದದ್ದು ಮೊದಲ ಸಾಲು. ನನ್ನ ಮಗಳು ಬಖ್ತಾ ಮಲಗಿರುವುದು ನಾಲ್ಕನೆಯ ಸಾಲಿನಲ್ಲಿ.

ಮುರ್ಜಾಜು ಗುಡ್ಡದ ಮೇಲೆ ನಿಂತರೆ ವಹ್ರಾನ್ ಪಟ್ಟಣವಿಡೀ ಕಾಲಡಿಗೆ ಬರುತ್ತದೆ. ಬಂದರು, ಹಡಗಿನ ಹೊಗೆ, ಬಿಳಿ ಮಹಡಿಗಳು, ತೆಂಕಣಕ್ಕೆ ಬೇಸಿಗೆಯಲ್ಲಿ ಒಣಗಿ ಉಪ್ಪಾಗುವ ದೊಡ್ಡ ಕೆರೆ. ಪಟ್ಟಣದವರು ತಲೆಯೆತ್ತಿದರೆ ಅವರಿಗೆ ಕಾಣುವುದು ಪೈನ್ ಕಾಡು, ಕಾಡಿನ ಮೇಲೆ ಹಿಂದೆಂದೋ ಸ್ಪೇನಿನವರು ಕಟ್ಟಿದ ಕೋಟೆ, ಕೋಟೆಯ ಕೆಳಗೆ ಮೇರಿಯಮ್ಮನ ಗುಡಿ, ನೆತ್ತಿಯಲ್ಲಿ ನಮ್ಮ ಸಂತನ ಬಿಳಿ ಗುಮ್ಮಟ. ಕೊರಕಲಿನಲ್ಲಿ ತಗಡು ಹೊದಿಸಿಕೊಂಡು ಬದುಕುವ ನಾವು ಯಾವ ಮಹಡಿಯಿಂದಲೂ ಕಾಣುವುದಿಲ್ಲ.

ಈ ಕಾಡು ತಾನಾಗಿ ಬೆಳೆದದ್ದಲ್ಲ. ನನ್ನ ಮುತ್ತಜ್ಜನ ಕಾಲಕ್ಕೆ ಇಲ್ಲಿ ಅಂಜೂರ ಇತ್ತು, ಆಲಿವ್ ಇತ್ತು, ಹದಿನಾರು ಹಟ್ಟಿ ಇದ್ದವು. ಫ್ರೆಂಚರು ಬಂದರು. ಅವರನ್ನು ನಾವು ರೂಮಿಗಳು ಅನ್ನುತ್ತೇವೆ. ಅವರ ಸಿಪಾಯಿಗಳು ಮರ ಕಡಿದು ಒಲೆಗೆ ಹಾಕಿದರು ಎಂದು ಅಪ್ಪ ಹೇಳುತ್ತಿದ್ದ. ಬೋಳಾದ ಗುಡ್ಡದ ಕೆಸರು ಒಂದು ಮಳೆಗಾಲ ಪಟ್ಟಣದೊಳಕ್ಕೆ ನುಗ್ಗಿತಂತೆ. ತಪ್ಪು ನಮ್ಮ ಮೇಕೆಗಳದ್ದು ಅಂತ ತೀರ್ಮಾನವಾಯಿತು. ಹಟ್ಟಿ ಕಿತ್ತು ನಮ್ಮವರನ್ನು ಕೊರಕಲಿಗೆ ತಳ್ಳಿದರು. ಮಾರನೆಯ ವರ್ಷ ಅದೇ ಜನವನ್ನು ಕರೆದು, ಅವರ ಮನೆ ಇದ್ದ ಜಾಗದಲ್ಲೇ ಪೈನ್ ನೆಡಿಸಿದರು. ಮೂರು ತಲೆಮಾರು ನೆಟ್ಟೆವು. ನೆಟ್ಟವರೇ ಒಣ ಪುಳ್ಳೆ ಆಯ್ದರೆ ಜೈಲು. ಎಲ್ಲಾದರೂ ಹೊಗೆ ಎದ್ದರೆ ಕೊರಕಲಿಗೆ ಕೊರಕಲೇ ಹೊಣೆ. ಹಚ್ಚಿದವನು ಯಾರೆಂದು ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ತುಂಡು ಜಾಗ ಮಾತ್ರ ಉಳಿದಿತ್ತು, ನಮ್ಮ ಗೋರಿಗಳದ್ದು. ಸತ್ತವರ ಮುಖ ಮಕ್ಕಾದ ಕಡೆಗೆ, ಅಂದರೆ ಮೂಡಣಕ್ಕೆ ಇರಬೇಕಲ್ಲ, ಹಿರಿಯರು ಮೂಡಣದ ಇಳಿಜಾರನ್ನೇ ಆರಿಸಿದ್ದರು. ಪಟ್ಟಣ ಇರುವುದೂ ಮೂಡಣಕ್ಕೇ. ಅದೇ ನಮಗೆ ಮುಳುವಾಯಿತು. ರೂಮಿಗಳು ನಮ್ಮ ನಾಡಿಗೆ ಕಾಲಿಟ್ಟು ನೂರು ವರ್ಷ ತುಂಬುವ ಹಬ್ಬ ಬರುತ್ತಿತ್ತು. ಪಟ್ಟಣದ ಎಲ್ಲ ಮಹಡಿಗಳಿಗೂ ಕಾಣುವಂತೆ ಆ ಇಳಿಜಾರಿನಲ್ಲಿ ನಾನೂರು ಗಿಡದ ತೋಪು ಆಗಬೇಕು ಅಂತ ಹುಕುಂ ಬಂತು.

ಒದೆ ತಿಂದ ಮಾರನೆಯ ದಿನ ಅಪ್ಪ ಕಾಡಿನ ಸಾಹೇಬನನ್ನೇ ಕೇಳಿಬಿಡೋಣ ಅಂದ. ಸಾಹೇಬನ ಹೆಸರು ಮೊಸ್ಯೊ ದೆಲ್ಮಾಸ್. ಕೆಟ್ಟ ಮಾತು ಆಡುವವನಲ್ಲ, ಕೈ ಎತ್ತುವವನೂ ಅಲ್ಲ. ಆ ಕೆಲಸಕ್ಕೆ ಅಂಟೋನ್ ಇದ್ದ. ದೆಲ್ಮಾಸ್ ಆಗ ಹಬ್ಬಕ್ಕೆಂದು ಒಂದು ಪುಸ್ತಕ ಬರೆಯುತ್ತಿದ್ದ, ಈ ಗುಡ್ಡದ ಭೂಗೋಳ ಮತ್ತು ಚರಿತ್ರೆ. ಮಡಚುವ ಕುರ್ಚಿ ಹಾಕಿಕೊಂಡು ಕಿತ್ತಳೆ ಸುಲಿಯುತ್ತಾ ಕೂತಿದ್ದವನು ಅಪ್ಪನನ್ನು ನೋಡಿ ಖುಷಿಪಟ್ಟ. ಗುಡ್ಡದ ಹಳೇ ಕತೆ ಹೇಳಲು ಅವನಿಗೊಬ್ಬ ಮುದುಕ ಬೇಕಾಗಿದ್ದ. ಅಂಟೋನ್‌ಗೆ ನಮ್ಮ ಮಾತೂ ಬರುತ್ತಿತ್ತು, ಅವರ ಮಾತೂ ಬರುತ್ತಿತ್ತು, ಹಾಗಾಗಿ ನಡುವೆ ಅವನೇ ನಿಂತ.

"ಹಿಂದೆ ಈ ಗುಡ್ಡ ಹೇಗಿತ್ತು ಕೇಳು," ಅಂದ ದೆಲ್ಮಾಸ್.

ಅಪ್ಪ ಹೇಳಿದ. ಬರಿಗಾಲಲ್ಲಿ ನಿಂತು ಅರ್ಧ ಗಂಟೆ ಹೇಳಿದ. "ಅಗೋ ಅಲ್ಲಿ, ಕೋಟೆ ಬುಡದಲ್ಲಿ, ಬೆನಾವ್ದಾ ಹಟ್ಟಿ ಇತ್ತು ಬುದ್ದಿ. ಅವರ ಅಂಜೂರ ಎರಡು ಫಸಲು ಬಿಡೋದು. ಈ ಕಡೆ ನಮ್ಮವು ಐದು ಮನೆ. ಒಂದು ಒರತೆ ಇತ್ತು, ಬ್ಯಾಸಗೇಲೂ ಬತ್ತುತಿರ್ಲಿಲ್ಲ. ನಮ್ಮವ್ವ ಅಲ್ಲೇ ನನ್ನ ಹೆತ್ತಿದ್ದು, ನೀರಿಗೆ ಹೋದಾಗ. ಮದುವೆ ಅಂದ್ರೆ ನೆತ್ತಿ ಮ್ಯಾಗೆ ಸಂತನ ತಾವ ಮೂರು ದಿನ ಊಟ. ಮೇಕೆನೂ ಇದ್ದೋ, ಇಲ್ಲ ಅನ್ನಕಿಲ್ಲ."

ದೆಲ್ಮಾಸ್ ಪೆನ್ಸಿಲ್ ಹಿಡಿದು ಕಾದ. "ಏನಂತೆ?"

"ಮೇಕೆ ಇದ್ದವಂತೆ," ಅಂದ ಅಂಟೋನ್.

ದೆಲ್ಮಾಸ್ ಬರೆದುಕೊಂಡ. ಮೂರು ವರ್ಷ ಒಬ್ಬ ರೂಮಿ ವೈದ್ಯನ ಮನೆಯಲ್ಲಿ ಪಾತ್ರೆ ತೊಳೆದಿದ್ದ ನನಗೆ ಅವರ ಮಾತು ತಿಳಿಯುತ್ತದೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಪ್ಪ ಬಂದ ಕೆಲಸ ಇನ್ನೂ ಆಗಿರಲಿಲ್ಲ.

"ಬುದ್ದಿ, ಅಲ್ಲಿ ನಮ್ಮ ಸತ್ತೋರು ಅವ್ರೆ. ಒಂದು ನಲವತ್ತು ಹೆಜ್ಜೆ."

ಇದನ್ನು ಮಾತ್ರ ಅಂಟೋನ್ ಸರಿಯಾಗಿ ಹೇಳಿದ, ನಗುವುದಕ್ಕೆ ಅನುಕೂಲವಾಗಲಿ ಅಂತ. ದೆಲ್ಮಾಸ್ ಕನ್ನಡಕ ತೆಗೆದು ಒರೆಸಿದ. "ಕಾಗದ ಇದೆಯೇ?"

"ಸತ್ತೋರಿಗೆ ಕಾಗದ ಯಾರು ಕೊಡ್ತಾರೆ ಬುದ್ದಿ."

"ಕಾಗದ ಇಲ್ಲದಿದ್ದರೆ ಅದು ಕಲ್ಲು ಬಿದ್ದ ಬೀಳು ಅಷ್ಟೆ." ದೆಲ್ಮಾಸ್ ಕಿತ್ತಳೆಯ ತೊಳೆ ಬಾಯಿಗೆ ಹಾಕಿಕೊಂಡ. "ಇವನಿಗೆ ಹೇಳು, ಬೇಸರ ಬೇಡ. ಇವನ ತಾತ ಇನ್ನೂರು ವರ್ಷ ಬಾಳುವ ಮರಕ್ಕೆ ಗೊಬ್ಬರ ಆಗುತ್ತಾನೆ. ಬದುಕಿದ್ದಾಗ ಅವನಿಂದ ಇಷ್ಟು ಒಳ್ಳೆಯ ಕೆಲಸ ಆಗಿರಲಿಕ್ಕಿಲ್ಲ."

ಇಬ್ಬರೂ ನಕ್ಕರು. ಅಪ್ಪನಿಗೆ ಮಾತು ತಿಳಿಯಲಿಲ್ಲ. ದೊಡ್ಡವರು ನಗುತ್ತಿದ್ದಾರೆ ಅಂದಮೇಲೆ ಒಪ್ಪಿದರೇನೋ ಅಂದುಕೊಂಡು ಅವನೂ ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೆಲ್ಮಾಸ್‌ನ ಮೇಲೆ ನನಗೆ ಹಗೆ ಹುಟ್ಟಿದ್ದು ಆ ಘಳಿಗೆಯಲ್ಲಿ.

ಬಖ್ತಾ ನಾಲ್ಕು ವರ್ಷದವಳಾಗಿದ್ದಾಗ ಜ್ವರ ಬಂದು ಹೋದಳು. ಮೇಲಿಂದ ದಿನವೂ ಸಮುದ್ರ ನೋಡುತ್ತಿದ್ದ ಮಗು, ಒಂದು ದಿನವೂ ಅದರ ನೀರು ಮುಟ್ಟಿರಲಿಲ್ಲ. ನಾಳೆ ಕರಕೊಂಡು ಹೋಗ್ತೀನಿ ಅನ್ನುತ್ತಲೇ ಇದ್ದೆ. ಸತ್ತ ಮೇಲೆ ದಡಕ್ಕೆ ಹೋಗಿ ಒಂದು ನುಣ್ಣನೆಯ ಕಲ್ಲು ತಂದು ತಲೆದೆಸೆಗೆ ಇಟ್ಟಿದ್ದೆ. ಬಂಡೆ ನೆಲದಲ್ಲಿ ಆಳಕ್ಕೆ ತೋಡಲು ಆಗುವುದಿಲ್ಲ, ಮಗುವಿನ ಮೇಲೆ ಇದ್ದದ್ದು ಮೊಳಕಾಲುದ್ದ ಮಣ್ಣು. ಸಾಹೇಬನ ತೀರ್ಮಾನ ಆದ ಸಂಜೆಯೇ ಅಂಟೋನ್ ನಾಲ್ಕು ಸಾಲಿನ ಕಲ್ಲುಗಳನ್ನೂ ಕಾಲಿನಿಂದ ಉರುಳಿಸಿದ. ನನ್ನ ಕಲ್ಲು ದುಂಡಗಿತ್ತು, ಎಲ್ಲಕ್ಕಿಂತ ದೂರ ಹೋಯಿತು. ಎತ್ತಿಕೊಳ್ಳಲು ಹೋದೆ.

"ಎಲ್ಲಿಗೆ ಹೊಂಟೆ ಮುಂಡೆ? ಸಾಲು ಬುಟ್ಟು ಕದಲಿದ್ರೆ ನಾಳೆಯಿಂದ ಬರಬ್ಯಾಡ."

ನಾನು ಸಾಲಿಗೆ ಹಿಂದಿರುಗಿದೆ. ಕೆಲಸ ಬಿಟ್ಟು ಹೋದರೆ ಬಖ್ತಾಳ ಮೇಲೆ ಬೇರೆ ಯಾರೋ ಗಿಡ ನೆಡುತ್ತಾರೆ. ಅದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಪೈನ್ ಗಿಡಕ್ಕೆ ತಾಯಿಬೇರು ಒಂದೇ. ನೆಟ್ಟಗೆ ಇಳಿಬಿಟ್ಟು ನೆಟ್ಟರೆ ಅದು ಬಂಡೆಯ ಬಿರುಕು ಹುಡುಕುತ್ತಾ, ಅಡ್ಡ ಬಂದದ್ದನ್ನು ಸೀಳುತ್ತಾ ಇಳಿಯುತ್ತದೆ. ಮೊಳಕಾಲುದ್ದ ಮಣ್ಣು ದಾಟಲು ಎರಡು ವರ್ಷ ಸಾಕು. ನನ್ನ ಮಗಳ ಎದೆಗೂಡಿನೊಳಗೆ ಅವರ ಹಬ್ಬದ ಬೇರು. ಆ ರಾತ್ರಿ ನನ್ನ ರೊಟ್ಟಿಯನ್ನು ಅಪ್ಪನ ತಟ್ಟೆಗೆ ಹಾಕಿ ಹೊರಗೆ ಬಂದು ಕೂತೆ.

ಆಗ ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಡಿದ ಒಂದು ತಪ್ಪು ನೆನಪಾಯಿತು. ಕೆಲಸಕ್ಕೆ ಹೊಸಬಳು, ಕುಳಿಯೊಳಗೆ ಜಲ್ಲಿ ಕುಸಿದಿತ್ತು, ಬೇರು ಪೂರ್ತಿ ಇಳಿಯುತ್ತಿರಲಿಲ್ಲ. ಮೇಸ್ತ್ರಿ ಬೈಯುತ್ತಾನೆ ಅಂತ ಬೇರನ್ನು ಮಡಚಿ, ತುದಿಯನ್ನು ಮೇಲಕ್ಕೆ ಮಾಡಿ, ಒತ್ತಿ, ಮಣ್ಣು ತುಳಿದುಬಿಟ್ಟೆ. ಒಂದು ಸಾಲಿಗೆ ಸಾಲೇ ಹಾಗೆ ನೆಟ್ಟಿದ್ದೆ. ಗಿಡಗಳು ಬದುಕಿದವು. ಬೇರೆಯವಕ್ಕಿಂತ ಹಸಿರಾಗಿಯೂ ಇದ್ದವು. ಏಳನೆಯ ಚಳಿಗಾಲದ ಗಾಳಿಗೆ ಇಡೀ ಸಾಲು ಮಕಾಡೆ ಬಿತ್ತು. ಸೌದೆಗೆ ಎಳೆಯುವಾಗ ನೋಡಿದೆ, ತಾಯಿಬೇರು ಮಡಚಿದ ಮೊಣಕೈಯ ಹಾಗೆ ಅಲ್ಲೇ ದಪ್ಪಗಾಗಿ ನಿಂತಿತ್ತು, ಕೆಳಗೆ ಒಂದು ಬೆರಳೂ ಇಳಿದಿರಲಿಲ್ಲ. ಇಲಾಖೆಯವರು ಗಾಳಿ ಅಂತ ಬರೆದುಕೊಂಡು ಹೋದರು.

ಮಾರನೆಯ ದಿನ ಮಧ್ಯಾಹ್ನ ರೊಟ್ಟಿ ತಿನ್ನುವಾಗ ಇದನ್ನು ಜೊತೆಯವರಿಗೆ ಹೇಳಿದೆ. ಗಿಡ ನೆಡುವ ಹೆಂಗಸರು ಒಂಬತ್ತು ಜನ ಇದ್ದೆವು. ಎಲ್ಲರಿಗೂ ಹಿರಿಯಳು ರಹ್ಮೂನಾ, ಅವಳ ಗಂಡ ಎರಡನೆಯ ಸಾಲಿನಲ್ಲಿ ಇದ್ದಾನೆ. ಕಿರಿಯಳು ಹುವಾರಿಯಾ, ಇನ್ನೂ ಹದಿನೆಂಟು, ಬಾಯಿಗೆ ಬೀಗ ಇಲ್ಲದವಳು.

"ತಪ್ಪು ಕಣೆ ಖೈರಾ," ಅಂದಳು ರಹ್ಮೂನಾ. "ಗಿಡ ನೆಡೋದು ದಾನ. ಅದರ ಮ್ಯಾಗೆ ಒಂದು ಗುಬ್ಬಿ ಕೂತ್ರೂ ನೆಟ್ಟೋರಿಗೆ ಪುಣ್ಯ ಅಂತಾರೆ. ಸಾಯ್ಲಿ ಅಂತ್ಲೇ ನೆಟ್ಟು ನಾಳೆ ಅಲ್ಲಾಹ್‌ನ ಮುಂದೆ ಏನು ಹೇಳ್ತೀಯೆ?"

"ಬಖ್ತಾನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹೇಳ್ತೀನಿ ಕಣತ್ತೆ. ನನ್ನ ಮಗಳ ಎದೆ ಒಳಕ್ಕೆ ಇಳೀಬಾರ್ದು ಅಂತ ಮಡಚಿದೆ ಅಂತೀನಿ. ಅವನಿಗೂ ಅರ್ಥ ಆಗ್ದಿದ್ರೆ ನರಕಕ್ಕೇ ಹಾಕ್ಲಿ."

"ಬಾಯಿ ಮುಚ್ಚೇ. ಹಂಗೆಲ್ಲ ಅನ್ನಬಾರ್ದು."

"ಅದ್ಸರಿ ಅಕ್ಕಾ," ಅಂದಳು ಹುವಾರಿಯಾ, "ಮೇಸ್ತ್ರಿ ಒಂದೊಂದು ಗಿಡಾನೂ ಎಳೆದು ನೋಡ್ತಾನಲ್ಲ, ಗಟ್ಟಿಯಾಗಿ ಕೂತದೋ ಇಲ್ವೋ ಅಂತ?"

"ಎಳೀಲಿ. ಮಡಚಿದ್ದು ಕೊಕ್ಕೆ ಹಾಕ್ಕೊಂಡು ಇನ್ನೂ ಬಿಗಿಯಾಗಿ ಕೂತ್ಕೊಳ್ತದೆ."

"ಅವನ ಹೆಂಡ್ರೂ ಹಿಂಗೇ ಎಳೆದು ನೋಡಿ, ಗಟ್ಟಿಯಾಗದೆ ಅಂತ ಕಟ್ಕೊಂಡಿರ್ಬೇಕು. ಪಾಪ, ಆಮೇಲೆ ತಾನೆ ಗೊತ್ತಾಗಿದ್ದು."

ಎಲ್ಲರೂ ನಕ್ಕರು, ರಹ್ಮೂನಾ ಒಬ್ಬಳನ್ನು ಬಿಟ್ಟು. ಅವಳು ರೊಟ್ಟಿಯ ಚೂರುಗಳನ್ನು ಬಟ್ಟೆಯಲ್ಲಿ ಗಂಟು ಹಾಕಿಕೊಂಡು ಎದ್ದು ಹೋದಳು. ಇವಳು ಕೈ ಕೊಟ್ಟಳು ಅಂದುಕೊಂಡೆ. ಮಧ್ಯಾಹ್ನದ ಮೇಲೆ ಎರಡನೆಯ ಸಾಲು ಶುರುವಾಯಿತು. ಗಂಡನ ಜಾಗಕ್ಕೆ ಬಂದಾಗ ರಹ್ಮೂನಾ ಸುತ್ತ ಒಮ್ಮೆ ನೋಡಿದಳು. ಬೇರನ್ನು ಹೆಬ್ಬೆರಳಿನಿಂದ ಮಡಚಿ ಕುಳಿಗೆ ಒತ್ತಿ, ಕಲಿಮಾ ಹೇಳುತ್ತಾ ತುಳಿದಳು. ಅಲ್ಲಿಂದ ಮುಂದೆ ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ. ಮೊದಲ ಸಾಲನ್ನೂ ಮತ್ತೆ ಕಿತ್ತು ನೆಟ್ಟೆವು. ಮಣ್ಣು ಸಡಿಲ ಆಗಿದೆ ಅಂದದ್ದಕ್ಕೆ ಅಂಟೋನ್ ನಂಬಿದ.

ನಾಲ್ಕನೆಯ ಸಾಲಿನ ಕುಳಿಗಳನ್ನು ತೋಡುತ್ತಿದ್ದದ್ದು ಅಪ್ಪ. ನನ್ನ ಕೈ ನೋಡಿದ.

"ಏನು ಮಾಡ್ತಾ ಇದ್ದೀಯ ಮಗಾ?"

"ಗಿಡ ನೆಡ್ತಾ ಇದೀನಪ್ಪಾ."

ನಲವತ್ತು ವರ್ಷ ಈ ಕೆಲಸ ಮಾಡಿದವನು ಅವನು, ಕಣ್ಣಿಗೆ ಮಣ್ಣು ಎರಚಲು ಆಗುವುದಿಲ್ಲ. ಬಗ್ಗಿ ನಾನು ನೆಟ್ಟ ಗಿಡದ ಬುಡವನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, "ಮಣ್ಣು ಚೆನ್ನಾಗಿ ತುಳಿ, ಒಳಗೆ ಗಾಳಿ ಉಳೀಬಾರ್ದು," ಅಂದು ಮುಂದಿನ ಕುಳಿಗೆ ಹೋದ.

ಅಂಟೋನ್ ಸಾಲು ಸಾಲಾಗಿ ಗಿಡ ಜಗ್ಗಿ ನೋಡುತ್ತಾ ಬಂದ. ಒಂದೂ ಅಲ್ಲಾಡಲಿಲ್ಲ. "ಈ ಸಲ ಪರವಾಗಿಲ್ಲ ಕತ್ತೆಗಳಾ, ಕೆಲಸ ಕಲಿತಿದ್ದೀರ," ಅಂದ. ನಾವು ತಲೆ ತಗ್ಗಿಸಿದೆವು. ಹುವಾರಿಯಾಳ ಹೆಗಲು ಕುಲುಕುತ್ತಿತ್ತು.

ಹಬ್ಬದ ದಿನ ವಾದ್ಯದವರು ಬಂದರು, ಗಾಡಿಗಳು ಬಂದವು, ಕೊಡೆ ಹಿಡಿದ ಹೆಂಗಸರು ಬಂದರು. ರಾಜಧಾನಿಯಿಂದ ಬಂದಿದ್ದ ದೊಡ್ಡ ದೊರೆ ಒಂದು ಗಿಡವನ್ನು ತನ್ನ ಕೈಯಾರೆ ನೆಡಬೇಕಿತ್ತು. ಅದಕ್ಕೆಂದೇ ಒಂದು ಜಾಗ ಖಾಲಿ ಬಿಡಿಸಿದ್ದರು. ಹಿಂದೆ ಬಂದರು ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ ದೆಲ್ಮಾಸ್ ತಾನೇ ಓಡಾಡಿ ಆರಿಸಿದ ಜಾಗ. ನಾಲ್ಕನೆಯ ಸಾಲು, ನನ್ನ ಬಖ್ತಾ.

ದೊರೆಗಳು ನೆಲಕ್ಕೆ ಬಗ್ಗುವುದಿಲ್ಲವಲ್ಲ, ಗಿಡ ಹಿಡಿಯಲು ನಮ್ಮವಳೊಬ್ಬಳು ಬೇಕು. ಭಾಷೆ ತಿಳಿಯುತ್ತದೆ ಅಂತ ನನ್ನನ್ನು ಹಿಡಿದರು. ಹೊಸ ಬಿಳಿ ಹೊದಿಕೆ ಕೊಟ್ಟರು, ಸಂಜೆ ತೊಳೆದು ಹಿಂದಿರುಗಿಸಬೇಕು ಅಂದರು. ದೆಲ್ಮಾಸ್ ತನ್ನ ಹೊಸ ಪುಸ್ತಕದಿಂದ ಓದಿದ. ಈ ಗುಡ್ಡ ಬೋಳಾಗಿತ್ತು, ಇಲ್ಲಿ ಮೇಕೆಗಳ ಹೊರತು ಯಾರೂ ಇರಲಿಲ್ಲ, ಇಲ್ಲಿಯ ಒಂದೊಂದು ಮರವೂ ನಮ್ಮ ಕೈ ನೆಟ್ಟದ್ದು ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಹಗ್ಗದಾಚೆ ನಿಲ್ಲಿಸಿದ್ದ ಕುಳಿ ತೋಡುವವರಿಗೂ ಚಪ್ಪಾಳೆ ತಟ್ಟಲು ಅಂಟೋನ್ ಸನ್ನೆ ಮಾಡಿದ. ಅಪ್ಪ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

ನಾನು ಮಂಡಿಯೂರಿದೆ. ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ದೊರೆಯ ಬೂಟು. ಅವನು ಬೆಳ್ಳಿ ಹಿಡಿಯ ಸಣ್ಣ ಸಲಿಕೆ ಹಿಡಿದು ಫೋಟೋದವನ ಕಡೆ ತಿರುಗಿದ್ದ. ಅಷ್ಟು ಜನರ ಕಣ್ಣೆದುರಿಗೇ ನಾನು ಬೇರನ್ನು ಮಡಚಿದೆ. ಅವಸರ ಮಾಡಲಿಲ್ಲ. ತುದಿಯನ್ನು ಮೇಲಕ್ಕೆ ಎಳೆದು, ಕಾಂಡಕ್ಕೆ ಆನಿಸಿ, ಕುಳಿಯೊಳಗೆ ಒತ್ತಿ ಹಿಡಿದೆ. ಒಬ್ಬರೂ ನೋಡಲಿಲ್ಲ. ನಮ್ಮ ಕೈಗಳನ್ನು ಅವರು ಯಾವಾಗಲೂ ನೋಡಿದವರೇ ಅಲ್ಲ. ದೊರೆ ಮೂರು ಸಲಿಕೆ ಮಣ್ಣು ಹಾಕಿದ, ಒಂದು ನನ್ನ ತೋಳಿನ ಮೇಲೆ ಬಿತ್ತು.

"ಹೆದರಬ್ಯಾಡ ಮಗಾ," ಅಂದೆ ಮಣ್ಣು ಒತ್ತುತ್ತಾ. "ಇದು ಕೆಳಕ್ಕೆ ಬರಾಕಿಲ್ಲ. ನಾನು ಬುಡಾಕಿಲ್ಲ."

"ಏನಂತಾಳೆ?" ಅಂತ ಕೇಳಿದ ದೊರೆ.

"ನಿಮಗೆ ಒಳ್ಳೆಯದಾಗಲಿ ಅಂತ ಹರಸುತ್ತಿದ್ದಾಳೆ," ಅಂದ ದೆಲ್ಮಾಸ್.

ದೊರೆ ನನ್ನ ತಲೆ ಸವರಿದ. ಆಮೇಲೆ ಗಿಡದ ಸುತ್ತ ಕಬ್ಬಿಣದ ಬೇಲಿ ಹಾಕಿ ತಾಮ್ರದ ಹಲಗೆ ಕಟ್ಟಿದರು. ಈ ಮರವನ್ನು ಇಂಥವರು ತಮ್ಮ ಸ್ವಹಸ್ತದಿಂದ ನೆಟ್ಟರು ಅಂತ ಅದರಲ್ಲಿ ಬರೆದದ್ದನ್ನು ದೆಲ್ಮಾಸ್ ಗಟ್ಟಿಯಾಗಿ ಓದಿ ಹೇಳಿದ.

ಹಬ್ಬ ಆದ ಮೂರನೆಯ ಚಳಿಗಾಲದಲ್ಲಿ ಅಪ್ಪ ಸತ್ತ. ಅವನ ಅಪ್ಪನ ಪಕ್ಕ ಜಾಗ ಕೇಳಿದ್ದಕ್ಕೆ, ಅದು ಕಾಡು, ಕಾಡಿನಲ್ಲಿ ಹೂಳುವುದು ಅಪರಾಧ ಅಂದರು. ಕೊರಕಲಿನ ಆಚೆ ಪಟ್ಟಣದ ಕಸ ಸುರಿಯುವ ದಿಬ್ಬದ ಮಗ್ಗುಲಲ್ಲಿ ಹೂತೆವು. ಅಲ್ಲಿಂದ ತಿರುಗಿ ತೋಪು ನೋಡಿದೆ. ಆಳೆತ್ತರ ಬೆಳೆದಿತ್ತು, ಹಸಿರು ಕಕ್ಕುತ್ತಿತ್ತು. ಪಟ್ಟಣದವರು ಭಾನುವಾರ ಬುತ್ತಿ ಕಟ್ಟಿಕೊಂಡು ಬಂದು ಅದರ ಕೆಳಗೆ ಉಣ್ಣುತ್ತಿದ್ದರು, ಬಾಟಲಿಗಳನ್ನು ಅಲ್ಲೇ ಎಸೆಯುತ್ತಿದ್ದರು.

"ಎಲ್ಲಿ ಬೀಳ್ತವೆ ಇವು," ಅನ್ನುತ್ತಿದ್ದಳು ರಹ್ಮೂನಾ. ಅವಳಿಗೆ ಆಗ ಕಣ್ಣು ಮಂಜಾಗುತ್ತಿತ್ತು. "ಪಾಪ ಬಂತು, ಫಲ ಬರ್ಲಿಲ್ಲ."

"ತಡಿ ಅತ್ತೆ."

ತಡೆದೆವು. ಮೊದಲ ಸಲ ನನ್ನಿಂದ ಆದ ತಪ್ಪಿಗೆ ಏಳು ವರ್ಷ ಹಿಡಿದಿತ್ತು. ಬೇಕೆಂದೇ ಮಾಡಿದ್ದಕ್ಕೆ ಎಂಟು ಹಿಡಿಯಿತು. ಹೋದ ವಾರ ಮೂರು ದಿನ ಮಳೆ ಹಿಡಿದು ಮಣ್ಣು ನೆನೆಯಿತು. ಮೊನ್ನೆ ಬೆಳಗ್ಗೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಮಧ್ಯಾಹ್ನದವರೆಗೂ ಬೀಸಿತು. ಕೊರಕಲಿನಲ್ಲಿ ನಮ್ಮ ತಗಡುಗಳು ಹಾರಿಹೋದವು, ಯಾರೂ ಅವನ್ನು ಹಿಡಿಯಲು ಓಡಲಿಲ್ಲ. ಎಲ್ಲರೂ ಹೊರಗೆ ನಿಂತು ಮೇಲೆ ನೋಡುತ್ತಿದ್ದೆವು. ಹಳೇ ಕಾಡು ಬಾಗಿ ಬಾಗಿ ಏಳುತ್ತಿತ್ತು. ತೋಪು ಏಳಲಿಲ್ಲ. ಒಂದಾದ ಮೇಲೆ ಒಂದು ಸಾಲು ಮಗ್ಗುಲಾಯಿತು. ಹುವಾರಿಯಾ ಜೋರಾಗಿ ಎಣಿಸುತ್ತಾ ಕಣ್ಣು ಕಾಣದ ರಹ್ಮೂನಾಗೆ ಹೇಳುತ್ತಿದ್ದಳು. ಮದುವೆಮನೆಯಲ್ಲಿ ಹಾಕುವಂತೆ ರಹ್ಮೂನಾ ನಾಲಿಗೆ ಹೊರಳಿಸಿ ಕೇಕೆ ಹಾಕಿದಳು. ಮಧ್ಯಾಹ್ನ ಪಟ್ಟಣದ ಮಹಡಿಗಳಿಂದೆಲ್ಲ ಜನ ಗುಡ್ಡದ ಬೋಳು ಪಟ್ಟೆ ನೋಡಿದರಂತೆ.

ಇವತ್ತು ಬೆಳಗ್ಗೆ ನಮ್ಮನ್ನು ಮೇಲಕ್ಕೆ ಕರೆಸಿದರು. ದೆಲ್ಮಾಸ್‌ಗೆ ವಯಸ್ಸಾಗಿದೆ, ಕೈಯಲ್ಲಿ ಕೋಲು. ಅಂಟೋನ್‌ನ ಮೀಸೆ ಬೆಳ್ಳಗಾಗಿದೆ, ಬೂಟು ಮಾತ್ರ ಅದೇ ಇದ್ದ ಹಾಗಿದೆ. ಈ ಸಲ ಗಾಳಿ ಅಂತ ಬರೆದುಕೊಂಡು ಹೋಗಲಿಲ್ಲ. ಹತ್ತು ಗಿಡ ಕೀಳಿಸಿ ಬೇರು ತೊಳೆಸಿ ಸಾಲಾಗಿ ಇಡಿಸಿದ್ದರು. ಹತ್ತೂ ಮೊಣಕೈ ಮಡಚಿಕೊಂಡಿದ್ದವು.

"ಯಾರು ಮಾಡಿದ್ದು ಇದನ್ನ?" ಅಂತ ದೆಲ್ಮಾಸ್ ಕೇಳಿದ. ಅಂಟೋನ್ ಹುವಾರಿಯಾಳ ಜಡೆ ಹಿಡಿದು ಮುಖವನ್ನು ಬೇರಿಗೆ ಉಜ್ಜಿದ. "ಬೊಗಳೇ ಹಡಬೆ. ಯಾರು ಕಲಿಸಿದ್ದು?" ಅವಳ ತುಟಿ ಒಡೆಯಿತು. ಅವಳು ಉಗಿದಳು.

ದೊರೆಯ ಮರ ಕಬ್ಬಿಣದ ಬೇಲಿಗೆ ಒರಗಿಕೊಂಡು ಇನ್ನೂ ನಿಂತಿತ್ತು. ನಾನು ಹೋಗಿ ಅದರ ಕಾಂಡದ ಮೇಲೆ ಕೈಯಿಟ್ಟೆ.

"ಇದನ್ನೂ ಕೀಳಿಸಿ ನೋಡಿ ಮೊಸ್ಯೊ," ಅಂದೆ ಅವನದೇ ಭಾಷೆಯಲ್ಲಿ.

ದೆಲ್ಮಾಸ್‌ಗೆ ಬೇಡವಾಗಿತ್ತು. ಅಂಟೋನ್‌ಗೆ ಅಷ್ಟು ತಲೆ ಓಡಲಿಲ್ಲ, ಇಬ್ಬರು ಆಳುಗಳನ್ನು ಹಚ್ಚಿ ಎಳೆಸಿಯೇಬಿಟ್ಟ. ಒದ್ದೆ ಮಣ್ಣಿನಿಂದ ಬೇರು ಮೇಲೆ ಬಂತು. ಎಲ್ಲಕ್ಕಿಂತ ಚೆನ್ನಾಗಿ ಮಡಚಿದ್ದು ಅದೇ.

"ನೆಟ್ಟವರು ಯಾರು ಅಂತ ಹಲಗೆಯ ಮೇಲೆ ಬರೆದಿದೆ," ಅಂದೆ. "ಸ್ವಹಸ್ತದಿಂದ ಅಂತಲೂ ಬರೆದಿದೆ. ಮೊದಲು ಅವರನ್ನ ಕರೆಸಿ ಒದೆಯಿರಿ. ಆಮೇಲೆ ನಮ್ಮ ಸರದಿ."

ಯಾವತ್ತೂ ಕೈ ಎತ್ತದ ದೆಲ್ಮಾಸ್ ಕೋಲಿನಿಂದ ನನ್ನ ಮುಖಕ್ಕೆ ಹೊಡೆದ. ಅಂಟೋನ್‌ಗೆ ಮೆಲ್ಲಗೆ ಹೇಳಿದ, ಈ ವಿಷಯ ಗುಡ್ಡ ಇಳಿಯಬಾರದು, ಬೇರುಗಳನ್ನೆಲ್ಲ ಇವತ್ತೇ ಸುಡಿಸು, ಭಾನುವಾರದೊಳಗೆ ಹೊಸ ಗಿಡ ಕೂರಿಸು, ಹಲಗೆ ಅಲ್ಲೇ ಇರಲಿ. ಅಷ್ಟು ಹೇಳಿ ನಮ್ಮ ಯಾರ ಕಡೆಯೂ ನೋಡದೆ ಗಾಡಿ ಹತ್ತಿದ.

ಅಂಟೋನ್ ಒಂದು ಗುದ್ದಲಿ ತಂದು ನನ್ನ ಕಾಲ ಬಳಿ ಎಸೆದ. "ತೋಡು. ಈ ಸಲ ಪ್ರತಿ ಬೇರೂ ನನ್ನ ಕಣ್ಣ ಮುಂದೇ ಇಳೀಬೇಕು, ನೆಟ್ಟಗೆ. ಇಲ್ಲಿಂದಲೇ ಶುರು ಮಾಡು."

ಗುದ್ದಲಿ ಎತ್ತಿಕೊಂಡೆ. ಬೇರು ಕಿತ್ತ ಕುಳಿಯಲ್ಲಿ ಕೈಯಾಡಿಸಿ ನೋಡಿದೆ. ತಳದ ಮಣ್ಣು ಎಂಟು ವರ್ಷದ ಹಿಂದೆ ನಾನು ಒತ್ತಿದ ಹಾಗೇ ಗಟ್ಟಿಯಾಗಿತ್ತು, ಒಂದು ಎಳೆ ಬೇರೂ ಅದರೊಳಕ್ಕೆ ಹೋಗಿರಲಿಲ್ಲ. ಕುಳಿ ಮುಚ್ಚಿದೆ. ಅದರ ಮೇಲೆ ಕಾಲು ಚಾಚಿ ಕೂತು ಗುದ್ದಲಿಯನ್ನು ತೊಡೆಗೆ ಅಡ್ಡ ಇಟ್ಟುಕೊಂಡೆ.

"ಎದ್ದೇಳೇ," ಅಂತ ಅಂಟೋನ್ ಬೂಟು ಎತ್ತಿದ.

"ಬಾ," ಅಂದೆ. "ಒದಿ. ಆ ಕಾಲು ಹೆಂಗೆ ವಾಪಸ್ ಹೋಗ್ತದೆ ನೋಡ್ತೀನಿ. ನಿನ್ನ ಇಲ್ಲೇ ನೆಡ್ತೀನಿ ಕಣೋ, ತಲೆ ಕೆಳಗು ಮಾಡಿ, ಮಡಚದೆ, ನೆಟ್ಟಗೆ."

ಅವನು ಗುದ್ದಲಿಯ ಬಾಯಿ ನೋಡಿದ, ನನ್ನ ಮುಖ ನೋಡಿದ, ಎತ್ತಿದ ಕಾಲನ್ನು ಇಳಿಸಿದ. ಪೊಲೀಸರನ್ನು ಕರೆತರುತ್ತೇನೆ ಅಂತ ಬೈಯುತ್ತಾ ಇಳಿದು ಹೋದ.

ಹುವಾರಿಯಾ ತುಟಿ ಒರೆಸಿಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ತನ್ನ ತಾಯಿಯ ಮೇಲೆ ಕೂತಳು. ಸುದ್ದಿ ಕೊರಕಲಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಬರತೊಡಗಿದರು. ಕಲ್ಲುಗಳು ಇಲ್ಲದೆ ಎಂಟು ವರ್ಷ ಆಗಿದೆ, ಆದರೂ ಯಾರೂ ಜಾಗ ಹುಡುಕಲಿಲ್ಲ. ಬಿದ್ದ ಮರಗಳನ್ನು ದಾಟಿಕೊಂಡು ತಮ್ಮ ತಮ್ಮವರ ಮೇಲೆ ಹೋಗಿ ಕೂತರು. ರಹ್ಮೂನಾಳನ್ನು ಮೊಮ್ಮಗಳು ಕೈಹಿಡಿದು ತಂದಳು. ಎರಡನೆಯ ಸಾಲಿಗೆ ಬಂದೊಡನೆ ಅವಳು ಕೈ ಬಿಡಿಸಿಕೊಂಡು ತಾನೇ ನಾಲ್ಕು ಹೆಜ್ಜೆ ಎಣಿಸಿ ಕೂತಳು. ಮೂವತ್ತು ಜನ ಇರಬಹುದು, ಎಲ್ಲರ ಮುಖವೂ ಮೂಡಣಕ್ಕೆ.

ಪಟ್ಟಣದ ರಸ್ತೆಯ ತಿರುವಿನಲ್ಲಿ ಪೊಲೀಸರ ಟೋಪಿಗಳು ಕಾಣಿಸಿಕೊಂಡಿವೆ. ಎಷ್ಟು ಜನ ಅಂತ ಹುವಾರಿಯಾ ಎಣಿಸುತ್ತಿದ್ದಾಳೆ. ಹನ್ನೆರಡು ಆದ ಮೇಲೆ ಎಣಿಸುವುದನ್ನು ಬಿಟ್ಟು, ಒಂದು ಕಲ್ಲು ಆರಿಸಿ ಮಡಿಲಿಗೆ ಹಾಕಿಕೊಂಡಳು.